ಟೆಕ್ಸಾಸ್ ಪರಿಷ್ಕೃತ ಶೋಕ ಪ್ರಶ್ನಾವಳಿ (ಸ್ಪ್ಯಾನಿಷ್ ಆವೃತ್ತಿ)

ಟೆಕ್ಸಾಸ್ ಪರಿಷ್ಕೃತ ಶೋಕ ಪ್ರಶ್ನಾವಳಿಯು ಆಪ್ತರನ್ನು ಕಳೆದುಕೊಂಡವರ ದುಃಖದ ತೀವ್ರತೆಯನ್ನು ಅಳೆಯಲು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೂಪಿಸಲಾದ ಮನೋವೈಜ್ಞಾನಿಕ ಸಾಧನ. ಇದರ ಸ್ಪ್ಯಾನಿಷ್ ಆವೃತ್ತಿಯನ್ನು 'ಇನ್ವೆಂತಾರಿಯೊ ತೆಹಾಸ್ ರೆವಿಸಾದೊ ದೆ ದುಎಲೊ' ಎಂದು ಕರೆಯುತ್ತಾರೆ. ಸಂಗಾತಿಯನ್ನು ಕಳೆದುಕೊಂಡ ಸ್ತ್ರೀಪುರುಷರನ್ನು ಆಧರಿಸಿ ಗಾರ್ಸಿಯಾ-ಗಾರ್ಸಿಯಾ, ಲಾಂಡಾ ಪೆತ್ರಾಲಾಂಡಾ ಮತ್ತು ಸಂಗಡಿಗರು ಸಿದ್ಧಪಡಿಸಿದ ಈ ಅಳವಡಿಕೆಯು 2005ರಲ್ಲಿ ಸ್ಪೇನಿನ 'ಅತೆನ್ಸಿಯೊನ್ ಪ್ರಿಮಾರಿಯಾ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಿನ್ನೆಲೆ

ಮೂಲ ಪ್ರಶ್ನಾವಳಿಯನ್ನು ಫಾಶಿಂಗ್‌ಬಾವರ್, ಡಿವಾಲ್ ಮತ್ತು ಜಿಸೂಕ್ ಅವರು 1977ರಲ್ಲಿ ಪ್ರಕಟಿಸಿದರು. ಅನಂತರ ಅದನ್ನು ವಿಸ್ತರಿಸಿ ಪರಿಷ್ಕರಿಸಲಾಯಿತು. ಶೋಕವನ್ನು ಅಳೆಯಲು ಅದುವರೆಗೆ ಹೆಚ್ಚಾಗಿ ಖಿನ್ನತೆಯ ಮಾಪನಗಳನ್ನೇ ಬಳಸಲಾಗುತ್ತಿತ್ತು. ಆದರೆ ಅಗಲಿದವರಿಗಾಗಿ ಹಂಬಲಿಸುವುದು, ಅವರ ವಸ್ತುಗಳನ್ನು ಬಿಡಲಾಗದಿರುವುದು, ಸಾವನ್ನು ಒಪ್ಪಿಕೊಳ್ಳಲಾಗದಿರುವುದು ಮುಂತಾದ ಅನುಭವಗಳು ಆ ಮಾಪನಗಳ ಹಿಡಿತಕ್ಕೆ ಸಿಗುವುದಿಲ್ಲ.

ರಚನೆ

ಪ್ರಶ್ನಾವಳಿಯ ಮುಖ್ಯ ಭಾಗದಲ್ಲಿ 21 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 'ಸಂಪೂರ್ಣ ಸತ್ಯ'ದಿಂದ 'ಸಂಪೂರ್ಣ ಸುಳ್ಳು' ಎಂಬವರೆಗಿನ ಐದು ಹಂತಗಳಲ್ಲಿ ಒಂದನ್ನು ಆರಿಸಬೇಕು.

* ಮೊದಲ ಭಾಗ: ಸಾವು ಸಂಭವಿಸಿದ ಕಾಲದಲ್ಲಿನ ನಡವಳಿಕೆ ಮತ್ತು ಭಾವನೆಗಳಿಗೆ ಸಂಬಂಧಿಸಿದ 8 ಹೇಳಿಕೆಗಳು, ಒಟ್ಟು ಅಂಕ 8ರಿಂದ 40.
* ಎರಡನೆಯ ಭಾಗ: ಈಗಿನ ಭಾವನೆಗಳಿಗೆ ಸಂಬಂಧಿಸಿದ 13 ಹೇಳಿಕೆಗಳು, ಒಟ್ಟು ಅಂಕ 13ರಿಂದ 65.

ಎರಡೂ ಭಾಗಗಳ ಅಂಕಗಳನ್ನು ಹೋಲಿಸಿ ಶೋಕದ ಸ್ವರೂಪವನ್ನು ನಾಲ್ಕು ಬಗೆಯಾಗಿ ಗುರುತಿಸಲಾಗುತ್ತದೆ. ಎರಡರಲ್ಲೂ ಹೆಚ್ಚು ಅಂಕವಿದ್ದರೆ ದೀರ್ಘಕಾಲಿಕ ಶೋಕ. ಮೊದಲನೆಯದರಲ್ಲಿ ಕಡಿಮೆ, ಎರಡನೆಯದರಲ್ಲಿ ಹೆಚ್ಚಿದ್ದರೆ ವಿಳಂಬಿತ ಶೋಕ. ಮೊದಲನೆಯದರಲ್ಲಿ ಹೆಚ್ಚಿದ್ದು ಎರಡನೆಯದರಲ್ಲಿ ಕಡಿಮೆಯಾಗಿದ್ದರೆ ತೀವ್ರವಾಗಿದ್ದು ಶಮನಗೊಂಡ ಶೋಕ. ಎರಡರಲ್ಲೂ ಕಡಿಮೆಯಿದ್ದರೆ ಶೋಕದ ಅಭಾವ. ಮೊದಲ ಭಾಗವು ನೆನಪನ್ನು ಅವಲಂಬಿಸಿರುವುದು ಈ ಸಾಧನದ ಒಂದು ಮಿತಿ. ಈಗ ದುಃಖದಲ್ಲಿರುವವರು ಹಿಂದಿನ ದಿನಗಳನ್ನೂ ಅದೇ ದುಃಖದ ಮೂಲಕ ನೆನೆಯುವ ಸಾಧ್ಯತೆಯಿದೆ.

ಅಳವಡಿಕೆಯ ವಿಧಾನ

ಇಂತಹ ಸಾಧನವನ್ನು ಮತ್ತೊಂದು ಭಾಷೆಗೆ ತರುವಾಗ ಪದಗಳ ಅನುವಾದ ಮಾತ್ರ ಸಾಲದು. ಸಾಮಾನ್ಯವಾಗಿ ಮೊದಲು ಹೇಳಿಕೆಗಳನ್ನು ಹೊಸ ಭಾಷೆಗೆ ಅನುವಾದಿಸಿ, ಮೂಲವನ್ನು ನೋಡದ ಮತ್ತೊಬ್ಬ ಅನುವಾದಕರಿಂದ ಅವುಗಳನ್ನು ಮೂಲ ಭಾಷೆಗೆ ಮರಳಿ ಅನುವಾದಿಸಲಾಗುತ್ತದೆ. ಎರಡರ ನಡುವೆ ಅರ್ಥವ್ಯತ್ಯಾಸ ಕಂಡಲ್ಲಿ ತಜ್ಞರು ಚರ್ಚಿಸಿ ತಿದ್ದುತ್ತಾರೆ. ಬಳಿಕ ಕೆಲವು ಮಂದಿಯ ಮೇಲೆ ಪ್ರಾಯೋಗಿಕವಾಗಿ ಬಳಸಿ, ಹೇಳಿಕೆಗಳು ಅರ್ಥವಾಗುತ್ತವೆಯೇ ಮತ್ತು ಅನಗತ್ಯ ನೋವುಂಟು ಮಾಡುತ್ತವೆಯೇ ಎಂಬುದನ್ನು ಪರಿಶೀಲಿಸಲಾಗುತ್ತದೆ. ಕೊನೆಗೆ ದೊಡ್ಡ ಗುಂಪಿನಲ್ಲಿ ಎರಡು ಗುಣಗಳನ್ನು ಪರೀಕ್ಷಿಸಲಾಗುತ್ತದೆ. ಹೇಳಿಕೆಗಳು ಪರಸ್ಪರ ಹೊಂದಿಕೊಂಡಿದ್ದು ಸ್ಥಿರವಾದ ಫಲಿತಾಂಶ ನೀಡುವುದು ವಿಶ್ವಾಸಾರ್ಹತೆ. ಅಳೆಯಬೇಕಾದುದನ್ನೇ ಅಳೆಯುವುದು ಸಿಂಧುತ್ವ. ಹೇಳಿಕೆಗಳ ಆಂತರಿಕ ಹೊಂದಾಣಿಕೆಯನ್ನು ಕ್ರಾನ್‌ಬ್ಯಾಕ್ ಆಲ್ಫಾ ಎಂಬ ಸೂಚ್ಯಂಕದಿಂದ ತಿಳಿಯಲಾಗುತ್ತದೆ.

ಭಾಷಿಕ ಸಮಸ್ಯೆಗಳು

ಇಂಗ್ಲಿಷಿನಲ್ಲಿ ಆಪ್ತರನ್ನು ಕಳೆದುಕೊಂಡ ಸ್ಥಿತಿ, ಅದರಿಂದಾಗುವ ದುಃಖ ಹಾಗೂ ಆ ದುಃಖದ ಬಾಹ್ಯ ಆಚರಣೆ, ಈ ಮೂರಕ್ಕೂ ಬೇರೆ ಬೇರೆ ಪದಗಳಿವೆ. ಸ್ಪ್ಯಾನಿಷ್‌ನ 'ದುಎಲೊ' ಇವೆಲ್ಲವನ್ನೂ ಸೂಚಿಸಬಲ್ಲದು. ಕಪ್ಪು ಉಡುಪಿನಂತಹ ಹೊರಗಿನ ಆಚರಣೆಗೆ 'ಲುತೊ' ಎಂಬ ಪ್ರತ್ಯೇಕ ಪದವೂ ಇದೆ. ಆದ್ದರಿಂದ ಹೇಳಿಕೆಯೊಂದು ಒಳಗಿನ ನೋವನ್ನು ಕೇಳುತ್ತಿದೆಯೇ, ಸಮಾಜ ನಿರೀಕ್ಷಿಸುವ ಆಚರಣೆಯನ್ನು ಕೇಳುತ್ತಿದೆಯೇ ಎಂಬುದು ಅನುವಾದದಲ್ಲಿ ಸ್ಪಷ್ಟವಾಗಿರಬೇಕು. ಸ್ಪ್ಯಾನಿಷ್‌ನ ಹಲವು ವಿಶೇಷಣಗಳು ಲಿಂಗಕ್ಕೆ ತಕ್ಕಂತೆ ರೂಪ ಬದಲಿಸುವುದರಿಂದ, ಒಂದೇ ಹೇಳಿಕೆಯನ್ನು ವಿಧವೆಗೂ ವಿಧುರನಿಗೂ ಹೊಂದುವಂತೆ ಬರೆಯಬೇಕಾಗುತ್ತದೆ.

ಇತರ ಪ್ರಶ್ನಾವಳಿಗಳು

ಸ್ಯಾಂಡರ್ಸ್ ಮತ್ತು ಸಂಗಡಿಗರು ರೂಪಿಸಿದ, 135 ಹೇಳಿಕೆಗಳುಳ್ಳ ಶೋಕಾನುಭವ ಪ್ರಶ್ನಾವಳಿಯ ಸ್ಪ್ಯಾನಿಷ್ ಅಳವಡಿಕೆ 2001ರಲ್ಲಿ ಪ್ರಕಟವಾಯಿತು. ಪ್ರಿಗರ್ಸನ್ ಮತ್ತು ಸಂಗಡಿಗರು 1995ರಲ್ಲಿ ಸಂಗಾತಿಯನ್ನು ಕಳೆದುಕೊಂಡ 97 ಹಿರಿಯರನ್ನು ಅಧ್ಯಯನ ಮಾಡಿ ಪ್ರಕಟಿಸಿದ ಸಂಕೀರ್ಣ ಶೋಕ ಪ್ರಶ್ನಾವಳಿಯಲ್ಲಿ 19 ಹೇಳಿಕೆಗಳಿವೆ. ಅದರಲ್ಲಿ 25ಕ್ಕಿಂತ ಹೆಚ್ಚು ಅಂಕ ಪಡೆದವರನ್ನು ಸಂಕೀರ್ಣ ಶೋಕವುಳ್ಳವರೆಂದು ಪರಿಗಣಿಸಲಾಯಿತು. ಲಿಮೊನೆರೊ ಮತ್ತು ಸಂಗಡಿಗರ ಸ್ಪ್ಯಾನಿಷ್ ಅಳವಡಿಕೆ 2009ರಲ್ಲಿ ಪ್ರಕಟವಾಯಿತು.

ಮಹತ್ವ ಮತ್ತು ಎಚ್ಚರಿಕೆ

ಸಹಜ ಶೋಕವನ್ನು ಕಾಯಿಲೆಯೆಂದು ಭಾವಿಸುವುದು ಎಷ್ಟು ತಪ್ಪೋ, ನೆರವು ಅಗತ್ಯವಿರುವವರನ್ನು 'ಕಾಲವೇ ಮದ್ದು' ಎಂದು ಕೈಬಿಡುವುದೂ ಅಷ್ಟೇ ತಪ್ಪು. ವೇಲ್ಸ್‌ನ ವೈದ್ಯ ಡೀವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ಕಳೆದುಕೊಂಡ 293 ಜನರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಅಗಲಿದವರ ಇರುವಿಕೆ, ರೂಪ ಅಥವಾ ದನಿಯ ಅನುಭವವಾಗಿತ್ತು. ಅನೇಕರಿಗೆ ಅದು ಸಾಂತ್ವನ ನೀಡಿತ್ತು. ಹೀಗಾಗಿ ಒಂದೇ ಉತ್ತರವನ್ನು ಆಧರಿಸಿ ಯಾರನ್ನೂ ಅಸ್ವಸ್ಥರೆಂದು ನಿರ್ಣಯಿಸಲಾಗದು.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ದೀರ್ಘಕಾಲಿಕ ಶೋಕ ಅಸ್ವಸ್ಥತೆಗೆ ಸ್ಥಾನ ದೊರೆತಿದೆ. ಸಾವಿನ ನಂತರ ಕನಿಷ್ಠ 6 ತಿಂಗಳು ತೀವ್ರ ಶೋಕ ಮುಂದುವರಿದಿರಬೇಕು ಹಾಗೂ ಅದು ವ್ಯಕ್ತಿಯ ಸಂಸ್ಕೃತಿಯ ರೂಢಿಯನ್ನು ಸ್ಪಷ್ಟವಾಗಿ ಮೀರಿರಬೇಕು ಎಂದು ಅದು ಹೇಳುತ್ತದೆ. ಅಮೆರಿಕದ ಮನೋವೈದ್ಯಕೀಯ ಸಂಘದ 2022ರ ಕೈಪಿಡಿಯು ವಯಸ್ಕರಿಗೆ 12 ತಿಂಗಳ ಅವಧಿಯನ್ನು ನಿಗದಿಪಡಿಸಿದೆ. ಟೆಕ್ಸಾಸ್ ಪ್ರಶ್ನಾವಳಿಯು ಶೋಕದ ತೀವ್ರತೆಯನ್ನು ತಿಳಿಸುತ್ತದೆಯೇ ಹೊರತು ರೋಗನಿರ್ಣಯ ಮಾಡುವುದಿಲ್ಲ. ಅದಕ್ಕೆ ವೈದ್ಯರು ಅಥವಾ ಮನೋವಿಜ್ಞಾನಿಗಳ ನೇರ ಸಂದರ್ಶನ ಅಗತ್ಯ.