ವಾದ್ಯವನ್ನೂ ಹೊತ್ತು ತಂದ ಹಾಡು

1987ರಲ್ಲಿ ಕಾರ್ಸ್ಟನ್ ಒಬಾರ್ಸ್ಕಿ ಎಂಬ ಜರ್ಮನ್ ತರುಣ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಎಂಬ ತಂತ್ರಾಂಶ ಬರೆದ. ಕಂಪ್ಯೂಟರ್ ಆಟಗಳಿಗೆ ಸಂಗೀತ ಕೂಡಿಸುವ ಕೆಲಸ ಹಗುರಾಗಲಿ ಎಂಬುದು ಅವನ ಉದ್ದೇಶವಾಗಿತ್ತು. ಅಂಗಡಿಗಳಲ್ಲಿ ಅದು ಹೇಳಿಕೊಳ್ಳುವಂತೆ ಮಾರಾಟವಾಗಲಿಲ್ಲ. ಆದರೆ ಇವತ್ತು ಕೈಯಲ್ಲೊಂದು ವಾದ್ಯವೂ ಇಲ್ಲದೆ, ಕೋಣೆಯಲ್ಲಿ ಒಬ್ಬರೇ ಕೂತು ಇಡೀ ವಾದ್ಯವೃಂದಕ್ಕೆ ಸಂಗೀತ ರಚಿಸಿ ಲೋಕಕ್ಕೆ ಕೇಳಿಸುತ್ತಿರುವ ಹವ್ಯಾಸಿಗಳ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ, ಅದರ ದೊಡ್ಡದೊಂದು ಕವಲು ಹೋಗಿ ನಿಲ್ಲುವುದು ಆ ತಂತ್ರಾಂಶದ ಬಳಿಯೇ.

ನಿಜವಾದ ವಾದ್ಯದ ಧ್ವನಿಯ ಒಂದು ತುಣುಕನ್ನು ಅಂಕಿಗಳಾಗಿ ಹಿಡಿದಿಟ್ಟು, ಅದನ್ನೇ ವೇಗವಾಗಿಯೋ ನಿಧಾನವಾಗಿಯೋ ಓಡಿಸಿ ಬೇರೆ ಬೇರೆ ಸ್ವರಗಳನ್ನು ಪಡೆಯುವ ವಿದ್ಯೆ ಅದಕ್ಕೂ ಹಿಂದಿನದು. ಆ ತುಣುಕಿಗೆ ‘ಸ್ಯಾಂಪಲ್’ ಎನ್ನುತ್ತಾರೆ. 1979ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೀಟರ್ ವೋಗಲ್ ಮತ್ತು ಕಿಮ್ ರೈರಿ ಹೊರತಂದ ‘ಫೇರ್‌ಲೈಟ್’ ಯಂತ್ರ ಇದನ್ನೇ ಮಾಡುತ್ತಿತ್ತು. ಅದನ್ನು ಕೊಳ್ಳುವ ಹಣಕ್ಕೆ ಮನೆಯನ್ನೇ ಕೊಳ್ಳಬಹುದಿತ್ತು. ಹಾಗಾಗಿ ಪೀಟರ್ ಗೇಬ್ರಿಯಲ್, ಕೇಟ್ ಬುಷ್ ಅವರಂಥ ಹೆಸರಾಂತರಿಗಷ್ಟೇ ಅದು ಎಟುಕಿತು. 1985ರಲ್ಲಿ ಕಮೊಡೋರ್ ಕಂಪನಿಯ ‘ಅಮಿಗಾ’ ಕಂಪ್ಯೂಟರ್ ಬಂತು. ಅದರೊಳಗೆ ‘ಪೌಲಾ’ ಎಂಬ ಚಿಪ್ ಇತ್ತು. ಏಕಕಾಲಕ್ಕೆ ನಾಲ್ಕು ಸ್ಯಾಂಪಲ್‌ಗಳನ್ನು ನುಡಿಸಬಲ್ಲ ಈ ಪುಟ್ಟ ಚಿಪ್‌ನಿಂದಾಗಿ ಯುರೋಪಿನ ಶಾಲಾ ಹುಡುಗರ ಮೇಜಿನ ಮೇಲೊಂದು ಬಡವರ ಫೇರ್‌ಲೈಟ್ ಬಂದು ಕೂತಿತು. ಅದನ್ನು ಬಳಸುವ ದಾರಿಯನ್ನು ಒಬಾರ್ಸ್ಕಿ ತೋರಿಸಿದ.

ಅವನ ತಂತ್ರಾಂಶದಲ್ಲಿ ಪಾಶ್ಚಾತ್ಯರ ಸ್ವರಲಿಪಿಯ ಐದು ಗೆರೆಗಳಿರಲಿಲ್ಲ. ಪರದೆಯ ಮೇಲೆ ನಾಲ್ಕು ಕಂಬಸಾಲುಗಳು, ಒಂದೊಂದು ಕಂತಿಗೆ 64 ಸಾಲು. ಯಾವ ಸ್ವರ, ಯಾವ ಸ್ಯಾಂಪಲ್, ಅದನ್ನು ಹೇಗೆ ಬಾಗಿಸಬೇಕು ಎಂಬುದನ್ನೆಲ್ಲ ಅಕ್ಷರ, ಅಂಕಿಗಳಲ್ಲಿ ತುಂಬಬೇಕು. ನುಡಿಸುವಾಗ ಸಾಲುಗಳು ಮೇಲಕ್ಕೆ ಸರಿಯುತ್ತ ಹೋಗುತ್ತವೆ. ಇರುವುದು ನಾಲ್ಕೇ ದನಿ, 15 ಸ್ಯಾಂಪಲ್. ಮುಂದೆ ಸ್ಯಾಂಪಲ್‌ಗಳು 31ಕ್ಕೆ ಏರಿದವು. ಈ ಇಕ್ಕಟ್ಟಿನಲ್ಲಿ ಹುಡುಗರು ಒಂದು ಉಪಾಯ ಬಳಸಿದರು. ಮೂರು ಸ್ವರಗಳನ್ನು ಒಂದೇ ದನಿಯಲ್ಲಿ ಅತಿವೇಗವಾಗಿ ಸುತ್ತಿಸಿದರೆ ಕಿವಿಗೆ ಅವು ಒಟ್ಟಿಗೆ ನುಡಿದಂತೆ ಕೇಳಿಸುತ್ತವೆ. ಅಮಿಗಾ ಸಂಗೀತದ ಗುರುತೇ ಆಗಿಹೋದ ಆ ಗುಳುಗುಳು ನಾದ ಹುಟ್ಟಿದ್ದು ಸೌಕರ್ಯದ ಕೊರತೆಯಿಂದ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಹೀಗೆ ತಯಾರಾದ ‘ಮಾಡ್’ ಕಡತದಲ್ಲಿ ಹಾಡಿನ ಸ್ವರಗಳ ಜೊತೆಗೆ ಅದನ್ನು ನುಡಿಸಿದ ವಾದ್ಯಗಳ ಧ್ವನಿಯೂ ಇರುತ್ತಿತ್ತು. ಅಡುಗೆಯ ಜೊತೆಗೆ ಅದರ ಸಾಮಾನು, ಮಾಡುವ ವಿಧಾನ ಎಲ್ಲವನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿ ಕಳಿಸಿದ ಹಾಗೆ. ಸ್ವೀಡನ್ನಿನವನೊಬ್ಬ ಮಾಡಿದ ಹಾಡನ್ನು ಪೋಲೆಂಡಿನವನೊಬ್ಬ ತೆರೆದರೆ ಹಾಡು ಕೇಳುತ್ತಿತ್ತು. ಅದು ಹೇಗೆ ಕಟ್ಟಿದ್ದು ಎಂಬುದು ಸಾಲುಸಾಲಾಗಿ ಕಾಣುತ್ತಲೂ ಇತ್ತು. ಬೇಕಾದ ಡೋಲಿನ ದನಿಯನ್ನು ಎತ್ತಿಕೊಂಡು ತನ್ನ ಹಾಡಿಗೆ ಹಾಕಿಕೊಳ್ಳಬಹುದಿತ್ತು. ಗುರುವಿಲ್ಲದ, ಶುಲ್ಕವಿಲ್ಲದ ಪಾಠಶಾಲೆ ಅದು. ಸ್ಯಾಂಪಲ್‌ನ ಹೆಸರಿಗೆಂದು ಮೀಸಲಿಟ್ಟ 22 ಅಕ್ಷರಗಳ ಜಾಗದಲ್ಲಿ ಹುಡುಗರು ಗೆಳೆಯರಿಗೆ ನಮಸ್ಕಾರ ಬರೆದರು, ವಿಳಾಸ ಕೊಟ್ಟರು, ಪತ್ರ ಬರೆಯಿರಿ ಎಂದು ಕೇಳಿಕೊಂಡರು. ಇಂಟರ್‌ನೆಟ್ ಮನೆಗೆ ಬರುವ ಮುಂಚೆ ಈ ಹಾಡುಗಳು ಫ್ಲಾಪಿಗಳಲ್ಲಿ, ಅಂಚೆಯ ಲಕೋಟೆಗಳಲ್ಲಿ ದೇಶದಿಂದ ದೇಶಕ್ಕೆ ಓಡಾಡಿದವು.

ಇದರಲ್ಲಿ ಎಲ್ಲವೂ ನ್ಯಾಯವಾಗಿಯೇ ನಡೆಯಿತು ಎನ್ನಲಾರೆ. ಎಷ್ಟೋ ಸ್ಯಾಂಪಲ್‌ಗಳನ್ನು ಬೇರೆಯವರ ಧ್ವನಿಮುದ್ರಿಕೆಗಳಿಂದ ಕೇಳದೆ ಕತ್ತರಿಸಿಕೊಂಡಿದ್ದರು. ಒಬಾರ್ಸ್ಕಿಯ ತಂತ್ರಾಂಶವನ್ನೂ ಬಿಚ್ಚಿ, ತಿದ್ದಿ, ಹೊಸ ಹೆಸರಿಟ್ಟು ಹಂಚಿದರು; ‘ನಾಯ್ಸ್‌ಟ್ರ್ಯಾಕರ್’, ‘ಪ್ರೊಟ್ರ್ಯಾಕರ್’ ಹುಟ್ಟಿದ್ದು ಹಾಗೆ. ಆದರೂ ಆ ಕೊಡುಕೊಳೆಯಿಂದ ಎಂಥ ಸಂಗೀತಗಾರರು ಬಂದರು ನೋಡಿ. ಡೆನ್ಮಾರ್ಕಿನ ಯೆಸ್ಪರ್ ಕೀಡ್ ಮುಂದೆ ‘ಅಸ್ಯಾಸಿನ್ಸ್ ಕ್ರೀಡ್’ ಆಟಕ್ಕೂ, ನಾರ್ವೆಯ ಬ್ಯೋರ್ನ್ ಲಿನ್ ‘ವರ್ಮ್ಸ್’ ಆಟಕ್ಕೂ ಸಂಗೀತ ಕೊಟ್ಟರು. ಇಂಥ ತಂತ್ರಾಂಶಗಳಲ್ಲಿ ಕಟ್ಟಿದ ‘ಟ್ರ್ಯಾಕರ್’ ಸಂಗೀತವನ್ನು ಪೋಷಿಸಿದ, ಕಂಪ್ಯೂಟರ್ ಕಲೆಯ ಹವ್ಯಾಸಿಗಳ ‘ಡೆಮೊಸೀನ್’ ಬಳಗದ ಸಂಸ್ಕೃತಿಯನ್ನು ಫಿನ್‌ಲ್ಯಾಂಡ್ 2020ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಅದಕ್ಕೆ ಸಲ್ಲಬೇಕಾದ್ದೇ.

ಮುಂದಿನ ತಿರುವು ಬಂದದ್ದು ಹ್ಯಾಂಬರ್ಗಿನಿಂದ. ಅಲ್ಲಿನ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ‘ವಿಎಸ್‌ಟಿ’ ಎಂಬ, ಸಂಗೀತ ತಂತ್ರಾಂಶಕ್ಕೆ ಬೇರೆ ಪುಟ್ಟ ತಂತ್ರಾಂಶಗಳನ್ನು ಸಿಕ್ಕಿಸುವ ಜೋಡಣಾ ಪದ್ಧತಿಯನ್ನು ತಂದಿತು. 1999ರ ಎರಡನೇ ಆವೃತ್ತಿಯಲ್ಲಿ ಕಂಪ್ಯೂಟರ್‌ನೊಳಗೇ ಇರುವ ವಾದ್ಯಗಳನ್ನೂ ಅದಕ್ಕೆ ಸಿಕ್ಕಿಸಲು ಸಾಧ್ಯವಾಯಿತು. ಅದರ ನಿಯಮಗಳನ್ನು ಕಂಪನಿ ಹೊರಗಿನ ಪ್ರೋಗ್ರಾಮರ್‌ಗಳಿಗೂ ತೆರೆದಿಟ್ಟಿತು. ಹಾಗಾಗಿ ಮನೆಯಲ್ಲೇ ಕೂತು ವಾದ್ಯ ‘ಬರೆಯುವವರು’ ಹುಟ್ಟಿಕೊಂಡರು. ಹೀಗೆ ಸಿಕ್ಕಿಸಬಹುದಾದ ಉಚಿತ ಪ್ಲಗಿನ್‌ಗಳು ಪುಂಖಾನುಪುಂಖವಾಗಿ ಬಂದವು.

ಅದೇ ಕಾಲದಲ್ಲಿ ಸ್ಯಾಂಪಲ್‌ಗಳ ಗುಣಮಟ್ಟವೂ ಏರಿತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಪ್ರತಿಧ್ವನಿಯೇ ಇಲ್ಲದ ಕೋಣೆಯಲ್ಲಿ ವಾದ್ಯಗಳನ್ನು ಸ್ವರಸ್ವರವಾಗಿ, ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ನುಡಿಸಿ ಮುದ್ರಿಸಿಕೊಂಡಿತು. 1997ರಿಂದ ಅವನ್ನು ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟಿದೆ. ವಿಯೆನ್ನಾದಲ್ಲಿ ಚೆಲ್ಲೊ ವಾದಕ ಹೆರ್ಬ್ ಟುಕ್‌ಮಾಂಡ್ಲ್ ಕಟ್ಟಿದ ‘ವಿಯೆನ್ನಾ ಸಿಂಫೊನಿಕ್ ಲೈಬ್ರರಿ’ ಇನ್ನೂ ಮುಂದೆ ಹೋಯಿತು. ಬಿಡಿ ಸ್ವರಗಳನ್ನು ಎಷ್ಟೇ ಚೆನ್ನಾಗಿ ಹಿಡಿದರೂ ಜೋಡಿಸಿದಾಗ ಕೃತಕವಾಗಿ ಕೇಳುತ್ತಿತ್ತು. ಯಾಕೆಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಬಿಲ್ಲು ಸಾಗುವ ಆ ನಡುವಣ ಕ್ಷಣ ಅದರಲ್ಲಿ ಇರಲಿಲ್ಲ. ವಿಯೆನ್ನಾದವರು ಆ ನಡುವಣ ದನಿಯನ್ನೇ, ಜೋಡಿಜೋಡಿ ಸ್ವರಗಳ ಲೆಕ್ಕದಲ್ಲಿ, ಮುದ್ರಿಸಿಕೊಂಡರು. ಲಂಡನ್ನಿನ ಸ್ಪಿಟ್‌ಫೈರ್ ಕಂಪನಿ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ಧ್ವನಿಗಳನ್ನು 2019ರಲ್ಲಿ ಹೊರತಂದು, ಮರುವರ್ಷ ಅದರ ಚಿಕ್ಕ ಆವೃತ್ತಿಯನ್ನು ಉಚಿತವಾಗಿ ಸಿಗುವಂತೆ ಮಾಡಿತು. ಕೇಳುವ ಕಿವಿಯಿದ್ದರೆ ಸಾಕು, ಇವತ್ತು ಯಾರಾದರೂ ವಾದ್ಯವೃಂದ ಬರೆಯಬಹುದು.

ಆದರೆ ಈ ಏರುದಾರಿಯಲ್ಲಿ ಒಂದು ಬೆಲೆಬಾಳುವ ಸಂಗತಿ ಕೈತಪ್ಪಿತು. ಈಗ ಹವ್ಯಾಸಿ ಹಂಚುವುದು ಸಿದ್ಧವಾದ ಧ್ವನಿಕಡತವನ್ನು. ಅದನ್ನು ಕೇಳಬಹುದೇ ಹೊರತು ಬಿಚ್ಚಿ ನೋಡಲಾಗದು. ಬಿಚ್ಚಿಕೊಟ್ಟರೂ ಅವರ ಬಳಿಯಿರುವ ದುಬಾರಿ ಪ್ಲಗಿನ್‌ಗಳು ನಮ್ಮಲ್ಲಿಲ್ಲದಿದ್ದರೆ ಅದು ನುಡಿಯುವುದಿಲ್ಲ. ಹೊಸಬರು ಚಪ್ಪಾಳೆ ತಟ್ಟಬಹುದು. ಆ ಚೆಲ್ಲೊ ಸಾಲಿನ ಕೆಳಗೆ ಏನು ನಡೆಯುತ್ತಿದೆ ಎಂದು ಕಲಿಯುವ ಬಾಗಿಲು ಮುಚ್ಚಿದೆ. ನನ್ನ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ.

ನಮ್ಮ ಸಂಗೀತಕ್ಕಂತೂ ಇದರ ಜೊತೆಗೆ ಇನ್ನೊಂದು ಸಮಸ್ಯೆಯಿದೆ. ವಾದ್ಯಗಳೂ ಕಂಪ್ಯೂಟರ್‌ಗಳೂ ಸ್ವರಗಳ ಸಂದೇಶ ಕಳಿಸಿಕೊಳ್ಳಲೆಂದು 1983ರಲ್ಲಿ ಬಂದ ‘ಮಿಡಿ’ ಪದ್ಧತಿ ಕೀಲಿಮಣೆಯ ಲೆಕ್ಕದಲ್ಲಿ ಯೋಚಿಸುತ್ತದೆ: 128 ಸ್ವರಸ್ಥಾನ, ಒತ್ತಿದರೆ ಶುರು, ಬಿಟ್ಟರೆ ಮುಗಿಯಿತು. ತೋಡಿಯ ಗಾಂಧಾರಕ್ಕೂ ಭೈರವಿಯ ಗಾಂಧಾರಕ್ಕೂ ಅದರಲ್ಲಿರುವುದು ಒಂದೇ ಕೀಲಿ. ರಸಿಕರಿಗೆ ಅವೆರಡೂ ಬೇರೆಯೆಂದು ಹೇಳಿಕೊಡಬೇಕಾಗಿಲ್ಲ. ಸ್ವರವನ್ನು ಬಾಗಿಸುವ ಸೌಲಭ್ಯ ಮಿಡಿಯಲ್ಲಿ ಮೊದಲಿನಿಂದಲೂ ಇದೆ. ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಬಾಗಿಸುವ ವ್ಯವಸ್ಥೆ 2018ರಲ್ಲಿ ಅಧಿಕೃತವಾಯಿತು. ತಂತ್ರಜ್ಞಾನದ ತೊಡಕು ಬಹುಮಟ್ಟಿಗೆ ಬಗೆಹರಿದಿದೆ ಎಂದೇ ಇದರರ್ಥ. ಕೊರತೆ ಇರುವುದು ದನಿಗಳದ್ದು. ವಿಯೆನ್ನಾದವರು ಎರಡು ಸ್ವರಗಳ ನಡುವಣ ಕ್ಷಣವನ್ನು ಹಿಡಿದ ಹಾಗೆ ವೀಣೆಯ ಜಾರನ್ನು, ನಾಗಸ್ವರದ ಕಂಪಿತವನ್ನು ರಾಗರಾಗಕ್ಕೂ ಹಿಡಿದು ಎಲ್ಲರಿಗೂ ಕೊಡುವ ಕೆಲಸ ಆಗಬೇಕು.

ಇಂಥದ್ದು ನಮ್ಮಿಂದ ಆಗದ್ದೇನಲ್ಲ. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದ್ದು ಬೆಂಗಳೂರಿನಲ್ಲೇ. ಅವರ ‘ರಾಡೆಲ್’ ಪೆಟ್ಟಿಗೆಗಳು ಸಂಗೀತ ಕಲಿಯುವ ಎಷ್ಟೋ ಮನೆಗಳನ್ನು ಸೇರಿವೆ.

ಆದ್ದರಿಂದ ವೀಣೆ, ಕೊಳಲು, ನಾಗಸ್ವರ, ಡೊಳ್ಳು, ಚಂಡೆ ನುಡಿಸುವವರಲ್ಲಿ ನನ್ನದೊಂದು ಕೋರಿಕೆ. ಸದ್ದಿಲ್ಲದ ಒಂದು ಕೋಣೆ, ಒಳ್ಳೆಯ ಮೈಕು ಸಿಕ್ಕಿದರೆ ನಿಮ್ಮ ವಾದ್ಯದ ದನಿಗಳನ್ನು ಮುದ್ರಿಸಿ. ಸ್ವರ ನುಡಿಸುವ ವಾದ್ಯವಾದರೆ ಯಾವ ಶ್ರುತಿ, ಯಾವ ರಾಗ, ಯಾವ ಗಮಕ ಎಂದು ಒಂದೊಂದರ ಮೇಲೂ ಬರೆಯಿರಿ; ತಾಳವಾದ್ಯವಾದರೆ ಯಾವ ಪಾಟಾಕ್ಷರ, ಯಾವ ಪೆಟ್ಟು ಎಂದು ಬರೆಯಿರಿ. ಯಾರು ಬೇಕಾದರೂ ಬಳಸಬಹುದು ಎಂಬ ಸಾಲನ್ನು ಮರೆಯದೆ ಸೇರಿಸಿ. ಕಂಪ್ಯೂಟರಿನಲ್ಲಿ ಹಾಡು ಕಟ್ಟುವ ಗೆಳೆಯರೇ, ಹಾಡಿನ ಜೊತೆಗೆ ಅದನ್ನು ಕಟ್ಟಿದ ಕಡತವನ್ನೂ ಹಂಚಿ.