ಆಟೋದವರು ಎಲ್ಲಿ ಊಟ ಮಾಡ್ತಾರೆ?

ಎಲೆಕ್ಷನ್ ಕವರೇಜ್ ಅಂತ ಜಿಲ್ಲೆಗಳಿಗೆ ಹೋದಾಗ ನಾನು ತಪ್ಪದೆ ಮಾಡೋ ಕೆಲಸ ಒಂದಿದೆ. ಊರೊಳಗೆ ಕಾಲಿಟ್ಟ ಕೂಡಲೇ ಒಬ್ಬ ಆಟೋದವರನ್ನೋ, ಬಸ್ ಸ್ಟ್ಯಾಂಡಿನಲ್ಲಿ ನಿಂತ ಕಂಡಕ್ಟರನ್ನೋ ಊಟದ ಬಗ್ಗೆ ವಿಚಾರಿಸ್ತೀನಿ. 'ಇಲ್ಲಿ ಒಳ್ಳೆ ಹೋಟೆಲ್ ಯಾವುದು' ಅಂತ ಕೇಳಿದರೆ ಕೆಟ್ಟೆವು. ನಮ್ಮ ಇಸ್ತ್ರಿ ಶರ್ಟು, ಕೈಯಲ್ಲಿರೋ ಮೈಕು ನೋಡಿ ಸೀದಾ ಎಸಿ ರೂಮಿಗೆ ಕಳಿಸಿಬಿಡ್ತಾರೆ. 'ನೀವು ಎಲ್ಲಿ ಊಟ ಮಾಡ್ತೀರಿ' ಅಂತ ಕೇಳಬೇಕು. ಆಗ ಸಿಗುತ್ತೆ ನೋಡಿ, ಬೋರ್ಡೇ ಇಲ್ಲದ ಖಾನಾವಳಿ, ಮಧ್ಯಾಹ್ನ ಎರಡಕ್ಕೆ ಪಾತ್ರೆ ಖಾಲಿಯಾಗೋ ಮಿಲಿಟರಿ ಹೋಟೆಲ್.

ಫೋನಿನಲ್ಲಿ ಸ್ಟಾರ್ ನೋಡಿದರೆ ಆಗಲ್ವಾ ಅಂತ ನಮ್ಮ ಹುಡುಗರು ಕೇಳ್ತಾರೆ. ಸ್ಟಾರ್ ಕೊಡೋರು ಹೆಚ್ಚಾಗಿ ಒಂದು ಸಲ ಬಂದು ಫೋಟೋ ತೆಗೆದು ಹೋದವರು. ಇಪ್ಪತ್ತು ವರ್ಷದಿಂದ ಅದೇ ಬೆಂಚಿನಲ್ಲಿ ಕೂತು ತಿನ್ನೋ ಮನುಷ್ಯ ಏನೂ ಬರೆಯಲ್ಲ. ತಿಂತಾನೆ, ಕೈ ತೊಳೀತಾನೆ, ನಾಳೆ ಮತ್ತೆ ಬರ್ತಾನೆ. ಅವನು ಮತ್ತೆ ಬರ್ತಾನಲ್ಲ, ನನಗೆ ಅದೇ ಸ್ಟಾರು.

ಇನ್ನೊಂದು ಗುರುತು, ಪಟ್ಟಿ ಚಿಕ್ಕದಿರಬೇಕು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೀತಿದೆ. ಬಂದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಬೇಕಾಗಿರೋದು ಮಸಾಲೆ ದೋಸೆ. ಹಾಗಾಗಿ ಕಾವಲಿ ಆರುವುದಿಲ್ಲ, ಹಿಟ್ಟು ಹುಳಿಯಾಗಿ ಉಳಿಯುವುದಿಲ್ಲ, ಸಪ್ಲೈಯರ್ ತೋಳಿನ ಮೇಲೆ ತಟ್ಟೆ ಮೇಲೆ ತಟ್ಟೆ ಪೇರಿಸಿಕೊಂಡು ಬಂದರೂ ದೋಸೆ ಬಿಸಿಯಾಗೇ ಇರುತ್ತೆ. ರುಚಿಯ ಗುಟ್ಟು ಅಜ್ಜಿಯ ಮಸಾಲೆ ಡಬ್ಬಿಯಲ್ಲಿದೆ ಅಂತ ಕಥೆ ಕಟ್ಟುತ್ತೇವೆ. ಅರ್ಧ ಗುಟ್ಟು ಈ ಓಟದಲ್ಲಿದೆ. ಇನ್ನೂರು ಐಟಂ ಬರೆದ ಮೆನು ಕಾರ್ಡ್ ಕೈಗೆ ಬಂತು ಅಂದರೆ ತಿಳಿದುಕೊಳ್ಳಿ, ಅಲ್ಲಿ ಅಡುಗೆ ಮಾಡ್ತಿರೋದು ಫ್ರಿಡ್ಜು.

ಮೂರನೆಯದು ಸ್ವಲ್ಪ ಕಷ್ಟದ ಮಾತು: ಮಾಲೀಕನ ಹಟ. ಲಾಲ್‌ಬಾಗ್ ಹತ್ತಿರದ ಎಂಟಿಆರ್ ಶುರುವಾಗಿದ್ದು 1924ರಲ್ಲಿ. ಯುದ್ಧಕಾಲದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿದವರು ತಾವೇ ಅಂತ ಅವರು ಹೇಳ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳಿಗೆ ಕಡಿಮೆ ಬೆಲೆ ಕಟ್ಟಿತು. ಎಷ್ಟೋ ಕಡೆ ಸಾಂಬಾರು ನೀರಾಯಿತು. ಎಂಟಿಆರ್‌ನವರು ಗುಣಮಟ್ಟ ಇಳಿಸಲಿಲ್ಲ; ಇವತ್ತು ಇಷ್ಟು ನಷ್ಟ ಅಂತ ಬೋರ್ಡಿನಲ್ಲಿ ಬರೆದು ಹಾಕಿದರು. ಆಮೇಲೆ ಹೋಟೆಲ್ಲನ್ನೇ ಮುಚ್ಚಬೇಕಾಗಿ ಬಂತು. ಕೆಲಸಗಾರರಿಗೆ ದಾರಿ ಬೇಕಲ್ಲ, ರವೆ ಇಡ್ಲಿಯ ಮಿಕ್ಸು, ಮಸಾಲೆ ಪುಡಿ ಪೊಟ್ಟಣ ಕಟ್ಟಿ ಮಾರುವ ವ್ಯಾಪಾರ ಬೆಳೆದದ್ದು ಹಾಗೆ.

ಅದೇ ಎಂಟಿಆರ್ ಈಗ ಸಿಂಗಪುರದ ಸೆರಂಗೂನ್ ರಸ್ತೆಯಲ್ಲೂ ಇದೆ. ಆದರೆ ಅಷ್ಟು ದೂರ ಹೋಗಿ ದೋಸೆ ಯಾಕೆ ತಿಂತೀರಿ? ಪಕ್ಕದ ಹಾಕರ್ ಸೆಂಟರಿಗೆ ಹೋಗಿ. ಒಂದು ಕಾಲದಲ್ಲಿ ಅಲ್ಲೂ ನಮ್ಮ ಹಾಗೇ ರಸ್ತೆ ಬದಿ ಗಾಡಿಗಳಿದ್ದವು. ಸರ್ಕಾರ ಅವರನ್ನು ಓಡಿಸಿ ಕೈತೊಳೆದುಕೊಳ್ಳಲಿಲ್ಲ. ನೀರು, ಚರಂಡಿ, ಸೂರು ಇರೋ ಕಟ್ಟಡ ಕಟ್ಟಿ, ಲೈಸೆನ್ಸ್ ಕೊಟ್ಟು ಕೂರಿಸಿತು. ಒಂದೊಂದು ಅಂಗಡಿ ಒಂದೋ ಎರಡೋ ಪದಾರ್ಥಕ್ಕೆ ಹೆಸರುವಾಸಿ. ಟೇಬಲ್ ಮೇಲೆ ಟಿಶ್ಯೂ ಪೊಟ್ಟಣ ಇಟ್ಟರೆ ಸೀಟು ನಿಮ್ಮದು, ನಮ್ಮ ಬಸ್ಸಿನ ಟವೆಲ್ ಇದ್ದ ಹಾಗೆ! 2016ರಲ್ಲಿ ಅಲ್ಲಿನ ಚೈನಾಟೌನ್‌ನ ಒಂದು ಕೋಳಿ-ಅನ್ನದ ಅಂಗಡಿಗೆ ಮಿಶೆಲಿನ್ ಸ್ಟಾರ್ ಬಂತು. 2020ರಲ್ಲಿ ಇಡೀ ಹಾಕರ್ ಸಂಸ್ಕೃತಿಯನ್ನೇ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಾರ್ ವಿಷಯಕ್ಕೆ ಬರೋಣ. ಮೂಗು ಮುರೀಬೇಡಿ. ಲಂಡನ್ನಿನ ನನ್‌ಹೆಡ್ ಬಡಾವಣೆಯಲ್ಲಿ ಐವಿ ಹೌಸ್ ಅಂತ ಒಂದು ಹಳೇ ಪಬ್ ಇದೆ. 2012ರಲ್ಲಿ ಅದನ್ನು ಮುಚ್ಚಿ ಮಾರಲು ಹೊರಟರು. ಇಂಗ್ಲೆಂಡಿನಲ್ಲಿ 2011ರಲ್ಲಿ ಒಂದು ಕಾಯ್ದೆ ಬಂದಿತ್ತು: ಊರಿನವರಿಗೆ ಬೇಕಾದ ಜಾಗ ಇದು ಅಂತ ಪಟ್ಟಿಗೆ ಸೇರಿಸಿದರೆ, ಮಾರುವ ಮುಂಚೆ ಅದನ್ನು ಕೊಳ್ಳೋಕೆ ಊರಿನವರಿಗೆ ಕಾಲಾವಕಾಶ ಕೊಡಲೇಬೇಕು. ಆ ಪಟ್ಟಿಗೆ ಸೇರಿದ ಮೊದಲ ಪಬ್ ಇದೇ. ಸುತ್ತಲಿನ ಮುನ್ನೂರಕ್ಕೂ ಹೆಚ್ಚು ಜನ ಷೇರು ಹಾಕಿ, ಸಾಲ ಎತ್ತಿ, 2013ರಲ್ಲಿ ಅದನ್ನು ತಮ್ಮದೇ ಮಾಡಿಕೊಂಡರು.

ನಮ್ಮಲ್ಲಿ? ಎಂ.ಜಿ. ರಸ್ತೆಯ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಆ ಜಾಗ ಬಿಡಬೇಕಾಯಿತು. ಪುಣ್ಯಕ್ಕೆ ಚರ್ಚ್ ಸ್ಟ್ರೀಟಿನಲ್ಲಿ ಬದುಕಿಕೊಂಡಿತು. ಎಲ್ಲರಿಗೂ ಆ ಪುಣ್ಯ ಇರಲ್ಲ. ಹೋಟೆಲ್ ಮುಚ್ಚೋದು ಸಾಂಬಾರು ಕೆಟ್ಟಿದ್ದಕ್ಕೆ ಮಾತ್ರ ಅಲ್ಲ. ಬಾಡಿಗೆ ಏರುತ್ತೆ, ಅಣ್ಣ ತಮ್ಮಂದಿರು ಪಾಲು ಕೇಳ್ತಾರೆ, ಮಗ ಸಾಫ್ಟ್‌ವೇರ್ ಅಂತಾನೆ. ಮುಚ್ಚುವ ದಿನ ನಾವು ಟಿವಿಯವರು ಕ್ಯಾಮೆರಾ ಹೊತ್ತುಕೊಂಡು ಹಾಜರ್.

ನಾನೂ ಹಾಗೆ ಹೋಗಿದ್ದೇನೆ. ಕಾಲೇಜು ದಿನಗಳಲ್ಲಿ ಬೈಟು ಕಾಫಿ ಕುಡಿದು ಗಂಟೆಗಟ್ಟಲೆ ಕೂರುತ್ತಿದ್ದ ಹೋಟೆಲ್ ಅದು. ಗಲ್ಲಾದಲ್ಲಿದ್ದ ಯಜಮಾನರ ಮುಂದೆ ಮೈಕ್ ಹಿಡಿದು, 'ಈ ಹೊತ್ತಿನಲ್ಲಿ ನಿಮಗೆ ಏನನ್ನಿಸುತ್ತೆ' ಅಂದೆ. ಅವರು ಮೈಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕೇಳಿದರು: 'ಅದಿರಲಿ ಸಾರ್, ನೀವು ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?'

ಹನ್ನೊಂದು ವರ್ಷ. ಲೆಕ್ಕ ಹಾಕಿದೆ, ಬಾಯಿಬಿಟ್ಟು ಹೇಳಲಿಲ್ಲ. ಅವರು ಒಳಗೆ ತಿರುಗಿ, 'ಸಾರ್‌ಗೆ ಒಂದು ಕಾಫಿ, ಸ್ಟ್ರಾಂಗು' ಅಂದರು. ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ.