ಚೆನ್ನಾಗಿ ಬರೋ ಹಾಡೇ ಯಾಕೆ ಕೈಕೊಡುತ್ತೆ?

ಹೊಸ ಕೃತಿ ತಪ್ಪೋದು ಕಡಿಮೆ. ಹೆದರಿಕೆಯಿಂದ ಹತ್ತು ಸಲ ಹೇಳಿಕೊಂಡು ಬಂದಿರುತ್ತಾರೆ. ವೇದಿಕೆ ಮೇಲೆ ಎಡವೋದು, ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತೆ ಅಂದುಕೊಂಡ ಹಾಡಿನಲ್ಲೇ. ಇಪ್ಪತ್ತು ವರ್ಷದಿಂದ ಪಕ್ಕವಾದ್ಯಕ್ಕೆ ಪಿಟೀಲು ಹಿಡಿದು ಕೂತು ನಾನು ನೋಡಿದ್ದು ಇದನ್ನೇ.

ತ್ಯಾಗರಾಜರ ಪಂಚರತ್ನ ಕೃತಿಗಳಲ್ಲಿ ಐದನೆಯದು, ಶ್ರೀರಾಗದ ‘ಎಂದರೋ ಮಹಾನುಭಾವುಲು’. ಹತ್ತು ಚರಣ. ಪ್ರತಿ ಸಲವೂ ಮೊದಲು ಸ್ವರ, ಆಮೇಲೆ ಸಾಹಿತ್ಯ, ಮತ್ತೆ ಪಲ್ಲವಿ. ಅಂದರೆ ಹತ್ತು ದಾರಿಯೂ ಒಂದೇ ಸರ್ಕಲ್ಲಿಗೆ ಬಂದು ಸೇರುತ್ತವೆ. ಎಷ್ಟನೆಯದು ಮುಗಿಯಿತು ಅನ್ನೋದು ಅಲ್ಲಿ ಒಂದು ಕ್ಷಣ ಮಸುಕಾದರೆ ಸಾಕು, ಆರರಿಂದ ಸೀದಾ ಎಂಟಕ್ಕೆ ಹಾರಿರುತ್ತಾರೆ. ಆರಾಧನೆಯ ಗೋಷ್ಠಿಗಾಯನದಲ್ಲಾದರೆ ಪಕ್ಕದವರ ದನಿ ಎಳೆದುಕೊಂಡು ಹೋಗುತ್ತೆ. ಒಬ್ಬರೇ ಹಾಡುವಾಗ ಆ ಊರುಗೋಲು ಎಲ್ಲಿಂದ ಬರಬೇಕು?

ರೂಢಿಯಾದ ಹಾಡು ಸರಪಳಿ ಇದ್ದಂತೆ. ಒಂದು ಸಾಲು ಮುಂದಿನದನ್ನು ಎಳೆದು ತರುತ್ತೆ, ನಾಲಿಗೆಗೆ ಗೊತ್ತಿರುತ್ತೆ, ತಲೆಗೆ ಕೆಲಸವೇ ಇರೋದಿಲ್ಲ. ಎಟಿಎಂ ಪಿನ್ ಬೆರಳಿಗೆ ಗೊತ್ತಿದ್ದು, ಬಾಯಲ್ಲಿ ಹೇಳು ಅಂದರೆ ತಡವರಿಸುತ್ತೀರಲ್ಲ, ಹಾಗೆ. ಎದುರಿಗೆ ನಾಲ್ಕು ಫೋನು ರೆಕಾರ್ಡ್ ಮಾಡುತ್ತಿರುವಾಗ ತಲೆ ಎಚ್ಚರಗೊಂಡು ‘ಮುಂದೇನು?’ ಅಂತ ಕೇಳಿದರೆ ಮುಗೀತು.

ದೊಡ್ಡವರಿಗೂ ಆಗುತ್ತೆ. 2016ರ ಡಿಸೆಂಬರ್ 10ರಂದು ಸ್ಟಾಕ್‌ಹೋಮಿನ ನೊಬೆಲ್ ಸಮಾರಂಭದಲ್ಲಿ ಪ್ಯಾಟಿ ಸ್ಮಿತ್, ಬಾಬ್ ಡಿಲನ್ ಅವರ ‘ಎ ಹಾರ್ಡ್ ರೇನ್ಸ್ ಎ-ಗಾನಾ ಫಾಲ್’ ಹಾಡುತ್ತಾ ಎರಡನೇ ಪದ್ಯದಲ್ಲಿ ನಿಂತುಬಿಟ್ಟರು. ಹದಿಹರೆಯದಿಂದ ಪ್ರೀತಿಸಿದ ಹಾಡದು. ಕ್ಷಮೆ ಕೇಳಿ, ಅಳುಕಾಗುತ್ತಿದೆ ಅಂತ ಹೇಳಿ ಮತ್ತೆ ಶುರು ಮಾಡಿದರು. ಪದ ಮರೆತಿರಲಿಲ್ಲ, ಹೊರಗೆ ತರಲು ಆಗಲಿಲ್ಲ ಎಂದು ಆಮೇಲೆ ಬರೆದರು. ಸಭೆ ಚಪ್ಪಾಳೆ ತಟ್ಟಿತ್ತು.

ನಮ್ಮ ಅಪಾರ್ಟ್‌ಮೆಂಟ್ ಸಭೆಗಳು ಅಷ್ಟು ದೊಡ್ಡ ಮನಸ್ಸಿನವಲ್ಲ. ಐಟಿ ಕೆಲಸದ ಹುಡುಗಿಯೊಬ್ಬಳು ಹೋದ ಜನವರಿಯಲ್ಲಿ ಇದೇ ‘ಎಂದರೋ’ ಹಾಡುತ್ತಾ ಆರನೇ ಚರಣಕ್ಕೆ ನಿಂತಳು. ಮುಂದಿನ ಸ್ವರ ಪಿಟೀಲಿನಲ್ಲಿ ಎತ್ತಿಕೊಟ್ಟೆ. ಗಾಬರಿಯಾದವರಿಗೆ ಅದು ಕೇಳಿಸಬೇಕಲ್ಲ! ರಾತ್ರಿಯೊಳಗೆ ಯಾರೋ ಆ ಕ್ಲಿಪ್ಪನ್ನು ನಗುವ ಇಮೋಜಿ ಹಾಕಿ ವಾಟ್ಸಾಪ್ ಗ್ರೂಪಿಗೆ ಬಿಟ್ಟಿದ್ದರು. ಅವಳು ಪಾಠಕ್ಕೇ ಹೋಗೋದು ಬಿಟ್ಟಳು.

“ಬಾರದ್ದು ತಪ್ಪಿದ್ರೆ ಪರವಾಗಿಲ್ಲ ಆಂಟಿ, ಬರೋದೇ ಹೋಯ್ತಲ್ಲ” ಅಂದಳು ಫೋನಿನಲ್ಲಿ.

“ಇನ್ನೂ ಹೆಚ್ಚು ಸಲ ಹಾಡು” ಅನ್ನೋದು ಎಲ್ಲರೂ ಕೊಡುವ ಸಲಹೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಮೊದಲಿಂದ ಹಾಡಿದಷ್ಟೂ ಅದೇ ಸರಪಳಿ ಬಿಗಿಯಾಗುತ್ತೆ, ಮಧ್ಯದ ಕೊಂಡಿ ಮಾತ್ರ ಯಾರ ಕಣ್ಣಿಗೂ ಬೀಳೋದಿಲ್ಲ.

“ಒಂದು ತಿಂಗಳು ಪಲ್ಲವಿಯಿಂದ ಶುರು ಮಾಡಬೇಡ ಕಣೇ” ಅಂದೆ. ಒಂದರಿಂದ ಹತ್ತರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕು. ಯಾವುದು ಬರುತ್ತೋ ಆ ಚರಣ ಎತ್ತಿಕೋ, ಅದೂ ಅರ್ಧ ವೇಗದಲ್ಲಿ. ಆಫೀಸ್ ಕ್ಯಾಬಿನಲ್ಲಿ ಬಾಯಿ ಬಿಡದೆ, ಬೆರಳಲ್ಲಿ ತಾಳ ಹಾಕುತ್ತಾ ಮನಸ್ಸಲ್ಲೇ ಹಾಡು. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯೋ ಆ ಜಾಗ ಗುರುತು ಮಾಡು.

ಹದಿನೈದು ದಿನ ಸುದ್ದಿಯಿಲ್ಲ. ಮೊನ್ನೆ ವಾಯ್ಸ್ ನೋಟ್ ಬಂತು. “ಮೂರು, ಒಂಬತ್ತು ಪಕ್ಕಾ ಆಂಟಿ. ಆರನೇದು ಇನ್ನೂ ಸತಾಯಿಸ್ತಿದೆ.” ಹಿಂದೆ ಕ್ಯಾಬಿನ ಹಾರನ್ ಕೇಳಿಸುತ್ತಿತ್ತು.